ಟ್ರೇಲರಿನಲ್ಲಿ ಬಂದ ಹೊಸ್ತಿಲು

ನಮ್ಮ ಐಗಳಿಯಲ್ಲಿ ಇವತ್ತಿಗೂ ನಮ್ಮಕ್ಕ ಲಕ್ಕವ್ವನ ಹೆಸರು ಬಂದರೆ ಕೆಲವರು ನಗುತ್ತಾರೆ. ಮಗಳ ಬಾಣಂತನಕ್ಕೆಂದು ಮನೆಯನ್ನೇ ಟ್ರೇಲರಿನಲ್ಲಿ ಹೇರಿಸಿಕೊಂಡು ನಿಪ್ಪಾಣಿಗೆ ಹೋದವಳು ಎಂದು. ಒಮ್ಮೆ ಹೋಟೆಲಿನಲ್ಲಿ ಒಬ್ಬ ಹಾಗೆ ಅಂದಾಗ ನಾನು ಚಹಾದ ಬಸಿ ಕೆಳಗಿಟ್ಟು ಎದ್ದೇಬಿಟ್ಟಿದ್ದೆ. ಮಂದಿ ಹಿಡಿದು ಕೂರಿಸಿದರು. ಕೈ ಎತ್ತುವುದರಿಂದ ಆಗುವುದೇನೂ ಇಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಆ ಟ್ರೇಲರ್ ಓಡಿಸಿದವನು ನಾನು. ಅದರಲ್ಲಿ ಏನಿತ್ತು, ಯಾಕಿತ್ತು ಎಂಬುದು ಹೋಟೆಲಿನಲ್ಲಿ ಕೂತವರಿಗಿಂತ ನನಗೆ ಚೆನ್ನಾಗಿ ಗೊತ್ತು.

ಲಕ್ಕವ್ವ ನನಗೆ ಅಕ್ಕ ಅಂತ ಹೆಸರಿಗೆ ಅಷ್ಟೇ. ಸಾಕಿದವಳು ಅವಳೇ. ನಮ್ಮವ್ವ ನನ್ನನ್ನು ಹಡೆದ ದಿನವೇ ರಕ್ತ ಹೋಗಿ ತೀರಿಕೊಂಡಳು. ಅಕ್ಕ ಆಗಿನ್ನೂ ಪರಕಾರ ಲಂಗ ಉಡುವ ಸಣ್ಣ ಹುಡುಗಿ. ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ನೋಡಿದ್ದಳಂತೆ. ಏನು ನೋಡಿದಳು ಎಂದು ನಾನು ಕೇಳಿದವನಲ್ಲ, ಅವಳು ಹೇಳಿದವಳಲ್ಲ. ಮುಂದೆ ಅವಳ ಗಂಡನೂ ಬೇಗ ಹೋದ. ಎರಡು ಎಕರೆ ದ್ರಾಕ್ಷಿ ತೋಟ, ಒಂದು ಎಮ್ಮೆ, ಗೌರಾ ಎಂಬ ಒಬ್ಬಳೇ ಮಗಳು, ಇಷ್ಟನ್ನು ಹಿಡಿದುಕೊಂಡು ಸಂಸಾರ ಮಾಡಿದಳು. ಬಾಯಿ ಅಂದರೆ ಬಾಯಿ. ಹಿತ್ತಲಲ್ಲಿ ನಿಂತು ತನ್ನ ಎಮ್ಮೆಯನ್ನು ಕರೆದರೆ ಓಣಿಯ ಎಮ್ಮೆಗಳೆಲ್ಲ ಕತ್ತು ತಿರುಗಿಸುತ್ತಿದ್ದವು. ಬಳೆಗಾರ ಅವಳ ಮನೆ ಮುಂದೆ ಬರುವಾಗ ದನಿ ಸಣ್ಣದು ಮಾಡಿಕೊಂಡು ದಾಟುತ್ತಿದ್ದ, ಎಲ್ಲಿ ಕರೆದು ಚೌಕಾಶಿಗೆ ಕೂರುತ್ತಾಳೋ ಎಂದು.

ಗೌರಾಳನ್ನು ನಿಪ್ಪಾಣಿಯ ಆಚೆ ಭೋಜಕ್ಕೆ ಕೊಟ್ಟಿದ್ದೆವು. ಅಳಿಯ ಅಣ್ಣಾಸಾಬ, ಕಬ್ಬು ತಂಬಾಕು ಬೆಳೆಯುವ ಮನೆತನ. ತೊಂಬತ್ತೆರಡನೆಯ ಇಸವಿ, ಸಂಕ್ರಾಂತಿ ಮುಗಿದಿತ್ತು. ಗೌರಾಳಿಗೆ ಏಳು ತಿಂಗಳು ತುಂಬಿ, ಕುಬಸ, ಅಂದರೆ ಸೀಮಂತ, ಮಾಡಿ ಕರೆತರಲು ನಾವು ಟ್ರ್ಯಾಕ್ಸ್ ಗಾಡಿ ಬಾಡಿಗೆಗೆ ಮಾಡಿಕೊಂಡು ಹೋದೆವು. ಹಸಿರು ಸೀರೆ, ಹಸಿರು ಖಣ, ಸಜ್ಜಿರೊಟ್ಟಿ, ಕರಿಗಡುಬು, ಮಾದಲಿ, ಬುತ್ತಿಯ ಬುಟ್ಟಿಗಳ ನಡುವೆ ಕಾಲಿಡಲು ಜಾಗವಿರಲಿಲ್ಲ.

ನಮ್ಮ ಮಂದಿಯಲ್ಲಿ ಒಂದು ಪದ್ಧತಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಕುಬಸ ಮಾಡಿ, ಉಡಿ ತುಂಬಿ, ಗಂಡನ ಮನೆಯ ಹೊಸ್ತಿಲು ದಾಟಿಸಿದ ಮೇಲೆ ಹೆಣ್ಣುಮಗಳು ಆ ಹೊಸ್ತಿಲನ್ನು ತಿರುಗಿ ದಾಟುವುದು ಕೂಸನ್ನು ಎತ್ತಿಕೊಂಡೇ. ನಡುವೆ ಬರಿ ಉಡಿಯಲ್ಲಿ ಒಳಗೆ ಬಂದರೆ ಎರಡೂ ಮನೆಗೆ ಒಳ್ಳೆಯದಲ್ಲ ಅನ್ನುತ್ತಾರೆ.

ಕುಬಸ ಚಂದ ಆಯಿತು. ಗೌರಾ ಹೊಸ್ತಿಲು ದಾಟಿ ಗಾಡಿ ಹತ್ತಿದಳು. ಊರ ಹೊರಗಿನ ಹಳ್ಳ ದಾಟುವಾಗ ಅವ್ವನ ಹೆಗಲಿಗೆ ಬಾಗಿ ಮೆಲ್ಲಗೆ ಅಂದಳು, “ಅವ್ವಾ, ಮೊನ್ನಿ ಸೀರಿ ಕೆಂಪ ಆಗಿತ್ತ. ಇವತ್ತ ಮುಂಜಾನೆನೂ ಸ್ವಲ್ಪ.”

“ಹೊಟ್ಟಿ ನೋವು?”

“ಏನೂ ಇಲ್ಲ. ಅದಕ್ಕ ಸುಮ್ಮನಿದ್ದೆ. ಅತ್ತಿಗಿ ಹೇಳಿದ್ರ ಕುಬಸ ನಿಂದ್ರತೈತಿ ಅಂತ ಅಂಜಿದೆ.”

ಅಕ್ಕ ಮುಂದಿನ ಸೀಟಿಗೆ ಫಟ್ಟೆಂದು ಹೊಡೆದಳು. “ಡ್ರೈವರಪ್ಪಾ, ನಿಪ್ಪಾಣ್ಯಾಗ ಹೆಣ್ಮಕ್ಕಳ ದವಾಖಾನಿ ಮುಂದ ನಿಂದ್ರಸು.”

ನನಗೆ ರೇಗಿತು. ಚಿಕ್ಕೋಡಿ ದಾಟಿ, ಅಂಕಲಿ ದಾಟಿ, ಹೊಳೆ ದಾಟಿ, ಅಥಣಿ ಮುಟ್ಟಿ, ಆಮೇಲೆ ಐಗಳಿ. ಬಿಸಿಲು ಆಗಲೇ ಏರಿತ್ತು. “ಅಥಣ್ಯಾಗ ತೋರಿಸಿದ್ರ ನಡೀತೈತೇಳ ಅಕ್ಕಾ, ನೋವs ಇಲ್ಲಂತಾಳ,” ಅಂದೆ.

“ಲಗಮ್ಯಾ,” ಅಂದಳು ಅಕ್ಕ. ದನಿ ಏರಿಸಲಿಲ್ಲ. “ನಿನ್ನ ಹಡದಾಕೀಗೂ ನೋವಿರಲಿಲ್ಲ.”

ನಾನೇ ಡ್ರೈವರನಿಗೆ ದವಾಖಾನೆಯ ದಾರಿ ಹೇಳಿದೆ.

ನಿಪ್ಪಾಣಿಯಲ್ಲಿ ಜಿನಮತಿ ಡಾಕ್ಟರು ಆಗ ಹೊಸದಾಗಿ ಸೋನೋಗ್ರಾಫಿ ಮಶೀನ್ ತಂದಿದ್ದರು. ನಮ್ಮ ಕಡೆಯವರೇ, ಜೈನರ ಮನೆಯ ಹೆಣ್ಣುಮಗಳು, ಕಲಿತದ್ದು ದೂರದ ಮೆಡಿಕಲ್ ಕಾಲೇಜಿನಲ್ಲಿ. ಒಳಗೆ ಹೋಗುವ ಮೊದಲು ಹೊಟ್ಟೆ ತುಂಬ ನೀರು ಕುಡಿದು, ಒಂದಕ್ಕೆ ಹೋಗದೆ ತಡೆದುಕೊಂಡು ಕೂರಬೇಕು. ಆಗಲೇ ಒಳಗಿನದು ನೆಟ್ಟಗೆ ಕಾಣುತ್ತದೆ ಎಂದು ನರ್ಸ್ ಹೇಳಿದಳು. ಬೆಂಚಿನ ಮೇಲೆ ಕೂತ ಹೆಂಗಸರೆಲ್ಲ ತಂಬಿಗೆ ಹಿಡಿದುಕೊಂಡು, ಮುಖ ಹಿಂಡಿಕೊಂಡು, ಕಾಲು ಕುಣಿಸುತ್ತಿದ್ದರು. ಗೌರಾಳ ಸರದಿ ಬಂದಿತು ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ಇಡೀ ಬೆಂಚು ಒಂದೇ ದನಿಯಲ್ಲಿ “ಯವ್ವಾ” ಎಂದು ನರಳಿತು.

“ಅವ್ವಾ, ನನ್ನ ಕಡಿಂದ ಆಗೂದಿಲ್ಲ.”

“ಹಿಡ್ಕೋ ಮಗಳ, ಹಿಡ್ಕೋ. ಹೊಟ್ಟ್ಯಾಗ ಒಂದ ಜೀವ ಹಿಡ್ಕೊಂಡೀ, ತಂಬಿಗಿ ನೀರ ಹಿಡ್ಕೊಳ್ಳಾಕ ಆಗೂದಿಲ್ಲೇನ?”

ಬೆಂಚಿನವರು ನಕ್ಕರು, ನಗಬಾರದಿತ್ತು, ನಕ್ಕರೆ ಇನ್ನೂ ಕಷ್ಟ. ಅಂತೂ ಕರೆಂಟು ಬಂತು. ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಆಮೇಲೆ ಡಾಕ್ಟರು ನನ್ನನ್ನೂ ಕರೆದರು. ಮೇಜಿನ ಮೇಲೆ ಅಂಗೈಯಷ್ಟು ಒಂದು ಕಪ್ಪು ಬಿಳಿ ಚಿತ್ರ. ಮಳೆಗಾಲದಲ್ಲಿ ಟೀವಿ ಕಾಣುತ್ತದಲ್ಲ, ಹಾಗಿತ್ತು.

“ಗಂಡೋ ಹೆಣ್ಣೋ ಅಂತ ಕೇಳಬ್ಯಾಡ್ರಿ,” ಅಂದರು ಮೊದಲಿಗೇ. “ಎಲ್ಲಾರೂ ಅದನ್ನs ಕೇಳ್ತಾರ. ಅದನ್ನ ಹೇಳಾಕ ನಾ ಇದನ್ನ ತಂದಿಲ್ಲ. ನಾ ನೋಡೂದು ಮಾಸು. ಹೇ ಬಘಾ, ಇಲ್ಲಿ ನೋಡ್ರಿ, ಇದು ಕೂಸಿನ ತಲಿ. ಇದು ಮಾಸು. ಮಾಸು ಮ್ಯಾಲ ಇರಬೇಕ್ರಿ. ಇಕೀದು ತೆಳಗ, ಕೂಸು ಹೊರಗ ಬರೂ ಬಾಗಲಕ್ಕ ಅಡ್ಡ ಕುಂತೈತಿ.”

“ಹೊಸ್ತಿಲ ಮ್ಯಾಲ ಕುಂತಂಗೇನ್ರಿ?” ಅಂದಳು ಅಕ್ಕ.

“ಹಂಗs. ಕೂಸಿಗಿ ಅನ್ನ ನೀರ ಹೋಗೂದು ಅದರಾಗಿಂದನ. ಬಾಗಲಾ ತೆರದ್ರ ಅದು ಹರೀತೈತಿ, ನಳಾ ಬಿಟ್ಟಂಗ ರಕ್ತ ಹೋಗತೈತಿ. ನೋವು ಬರೂದಿಲ್ಲ, ಅದಕ್ಕ ಮಂದಿಗಿ ಗೊತ್ತಾಗೂದಿಲ್ಲ. ಇವತ್ತs ಆಗಬಹುದು, ಇನ್ನ ತಿಂಗಳಕ್ಕ ಆಗಬಹುದು. ಆದಾಗ ಇಕಿ ನನ್ನ ಟೇಬಲ್ ಮ್ಯಾಲ ಇರಬೇಕು. ಆಪರೇಶನ್ ಮಾಡಿ ಕೂಸು ತಗೀಬೇಕು.”

ನಾನು ಎದ್ದು ನಿಂತೆ. “ಅಲ್ರೀ ಡಾಕ್ಟರಬಾಯಿ, ಹುಡುಗಿ ನಡದಾಡಾಕತ್ತಾಳ, ಉಣ್ಣಾಕತ್ತಾಳ. ಒಂದ ಮಸಕ ಫೋಟೋ ತೋರಿಸಿ ಅಂಜಸ್ತೀರೇನ್ರಿ?”

“ಕುಂದ್ರಲೇ,” ಅಂದಳು ಅಕ್ಕ. ಆ ಚಿತ್ರವನ್ನು ಎತ್ತಿ ಕಣ್ಣ ಹತ್ತಿರ ಹಿಡಿದುಕೊಂಡಳು. ಅಂದು ಬಾಗಿಲ ಸಂದಿಯಲ್ಲಿ ನಿಂತು ತಾನು ನೋಡಿದ್ದು ಏನೆಂದು ಅಷ್ಟು ವರ್ಷ ಅವಳಿಗೆ ಗೊತ್ತಿರಲಿಲ್ಲ; ಅವತ್ತು ಗೊತ್ತಾಯಿತೇನೋ. “ನಮ್ಮವ್ವಗೂ ಇದs ಆಗಿತ್ತೇನ್ರಿ?” ಎಂದು ಕೇಳಿದಳು. ಕೇಳಿಸಿಕೊಂಡ ಡಾಕ್ಟರು, “ಇರಬಹುದು ಬಾಯಿ. ಆವಾಗ ನೋಡಾಕ ಬರತಿರಲಿಲ್ಲ. ಈಗ ಬರತೈತಿ,” ಅಂದರು.

ಹೊರಗೆ ಬೇವಿನ ಗಿಡದ ಕೆಳಗೆ ಟ್ರ್ಯಾಕ್ಸ್ ನಿಂತಿತ್ತು. ನಾವು ಅದರ ನೆರಳಿನಲ್ಲಿ ನಿಂತೆವು. ಐಗಳಿಗೆ ಹೊರಟರೆ ದಾರಿಯಲ್ಲಿ ಏನಾಗುತ್ತದೋ. ಹತ್ತಿರವಿರುವುದು ಭೋಜ, ಆದರೆ ಆ ಹೊಸ್ತಿಲು ಮುಂಜಾನೆಯಷ್ಟೇ ದಾಟಿಸಿ ಬಂದಿದ್ದೆವು. ದವಾಖಾನೆಯ ಕಾಟಿನ ಮೇಲೆ ಎರಡು ತಿಂಗಳು ಬಿಡುವುದೆಂದರೆ, ತವರು ಸತ್ತವಳ ಹಾಗೆ ಬಿಟ್ಟು ಹೋದರು ಅನ್ನುತ್ತಾರೆ. ಗೌರಾ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. “ಐಗಳಿಗಿ ನಡಿ ಅವ್ವಾ. ಏನಾದ್ರೂ ನಮ್ಮನ್ಯಾಗ ಆಗಲಿ.”

“ನಮ್ಮನ್ಯಾಗs ಆಗತೈತಿ,” ಅಂದಳು ಅಕ್ಕ. “ಮನಿ ಇಲ್ಲಿ ಬರತೈತಿ.”

ದವಾಖಾನೆಯ ಹಿಂದೆ ಕಿರಾಣಿ ಅಂಗಡಿಯ ನೇಮಿನಾಥ ಶೇಠರ ಮನೆ. ಅವರ ಅಂಗಳದ ತುದಿಯಲ್ಲಿ ಒಂದು ಖಾಲಿ ಖೋಲಿ, ಒಂಟಿ ಕೋಣೆ, ಇತ್ತು. ಅಕ್ಕ ಹೋಗಿ ಮಾತಾಡಿ ಕೀಲಿಕೈ ತಂದಳು. ಗೌರಾಳನ್ನು ಅವತ್ತು ದವಾಖಾನೆಯಲ್ಲೇ ಮಲಗಿಸಿ, ನನ್ನನ್ನು ಟ್ರ್ಯಾಕ್ಸಿನಲ್ಲಿ ಊರಿಗೆ ಅಟ್ಟಿದಳು. ತರಬೇಕಾದ್ದನ್ನೆಲ್ಲ ಬೆರಳು ಮಡಚಿ ಹೇಳಿದಳು. ನಾವೆಲ್ಲ ಹುಟ್ಟಿದ ನುಲಿಯ ಮಂಚ, ಆ ಹೊರಸು. ದೇವರ ಜಗಲಿಯ ಮೂರ್ತಿಗಳು. ಬೀಸುವ ಕಲ್ಲು, ರೊಟ್ಟಿ ಹಂಚು, ನೀರಿನ ಹಂಡೆ.

“ಮತ್ತ ಎಮ್ಮಿ,” ಅಂದಳು.

“ಎಮ್ಮಿ ಯಾಕಬೇ?”

“ತವರಮನಿ ಅಂದ್ರ ಹೈನ ಇರಬ್ಯಾಡೇನ? ಮತ್ತ ದನದ ಕೊಟ್ಟಿಗ್ಯಾಗ ಹಳೆ ಹೊಸ್ತಿಲ ಐತಲ್ಲ, ಅದನ್ನೂ ಹೇರು.”

ಗೌರಾಳ ಮದುವೆ ಮುಗಿದ ಮೇಲೆ ನಮ್ಮ ಮನೆಗೆ ಹೊಸ ಬಾಗಿಲು ಕೂರಿಸಿದ್ದೆವು. ಹಳೆಯ ಬೇವಿನ ಹೊಸ್ತಿಲನ್ನು, ತುಳಿದು ತುಳಿದು ನಡುವೆ ಸವೆದದ್ದನ್ನು, ಒಡೆದು ಒಲೆಗೆ ಹಾಕಲು ಮನಸ್ಸಾಗದೆ ಕೊಟ್ಟಿಗೆಯಲ್ಲಿ ಇಟ್ಟಿದ್ದೆವು.

ನಾನು ಬೈದುಕೊಂಡೇ ಹೇರಿದೆ. ಕಬ್ಬು ಹೊರುವ ಟ್ರೇಲರ್ ಅದು. ಮುಂದೆ ಹೊರಸು, ನಡುವೆ ಹಂಡೆ, ಹಿಂದೆ ಎಮ್ಮೆ, ಎಮ್ಮೆಯ ಕಾಲ ಕೆಳಗೆ ಹುಲ್ಲು, ಹುಲ್ಲಿನ ಅಡಿ ಹೊಸ್ತಿಲು. ನಸುಕಿನಲ್ಲಿ ಹೊರಟು ಟ್ರ್ಯಾಕ್ಟರಿನ ಮೇಲೆ ಇಡೀ ದಿನ ಕುಲುಕಿಸಿಕೊಂಡೆ. ಕುಲುಕಿದಾಗೊಮ್ಮೆ, ಈ ದಾರಿಯಲ್ಲಿ ಆ ಹುಡುಗಿಯನ್ನು ತರುವವನಿದ್ದೆನಲ್ಲ ಎಂಬ ಮಾತು ತಲೆಗೆ ಬರುತ್ತಿತ್ತು. ಅಂಕಲಿಯಲ್ಲಿ ಚಹಾಕ್ಕೆ ನಿಲ್ಲಿಸಿದರೆ ಅಂಗಡಿಯವ ಟ್ರೇಲರ್ ನೋಡಿ, “ಏನ್ ಮಾಮಾ, ಮನಿ ಮುರದೀರೇನ?” ಎಂದ.

“ಮುರದಿಲ್ಲ, ಒಯ್ಯಾಕತ್ತೇನಿ. ನೀ ಚಹಾ ಕೊಡು.”

ಅಕ್ಕ ಆ ಹೊಸ್ತಿಲನ್ನು ತೊಳೆದು, ಖೋಲಿಯ ಬಾಗಿಲಲ್ಲಿ ನೆಲ ಅಗೆಸಿ ಕೂರಿಸಿ, ಅರಿಸಿನ ಕುಂಕುಮ ಹಚ್ಚಿದಳು. ಗೌರಾಳನ್ನು ದವಾಖಾನೆಯಿಂದ ಮೆಲ್ಲಗೆ ನಡೆಸಿಕೊಂಡು ಬಂದು, ಬಲಗಾಲು ಇಡಿಸಿ ಒಳಗೆ ಕರೆದುಕೊಂಡಳು. “ಇದು ಐಗಳಿ ನೋಡು. ಹೊರಗ ನಿಪ್ಪಾಣಿ ಇದ್ರ ಇರಲಿ.” ಗೌರಾ ಎರಡು ದಿನದಲ್ಲಿ ಮೊದಲ ಸಲ ನಕ್ಕಳು. ಹೊರಗೆ ಎಮ್ಮೆ ಕೂಗಿತು.

ನಾಲ್ಕು ದಿನ ಕಳೆಯುವುದರೊಳಗೆ ಬೀಗಿತ್ತಿ ರುಕ್ಮವ್ವ ಭೋಜದಿಂದ ಬಂದಳು. ಅಣ್ಣಾಸಾಬ ಹಿಂದೆ ಹಿಂದೆ, ತಲೆ ತಗ್ಗಿಸಿಕೊಂಡು. ರುಕ್ಮವ್ವ ಅಂಗಳದಲ್ಲೇ ಶುರುಮಾಡಿದಳು.

“ನಮ್ಮ ಸೊಸೀನ ಹಾದಿ ಮ್ಯಾಲ ಹಡಸಾಕತ್ತೀರಂತ? ನಿಮ್ಮನ್ಯಾಗ ಜಾಗಾ ಇದ್ದಿದ್ದಿಲ್ಲಂದ್ರ ಮೊದಲs ಹೇಳಬೇಕಿತ್ತ, ಕುಬಸಾನs ಮಾಡತಿದ್ದಿಲ್ಲ!”

ನನಗೆ ಸಿಟ್ಟು ನೆತ್ತಿಗೇರಿತು. ಅಕ್ಕ ನನ್ನ ರಟ್ಟೆ ಹಿಡಿದು ಹಿಂದೆ ಸರಿಸಿ, “ಒಳಗ ಬರ್ರಿ ಬೀಗತೇರ. ಬೈಯೂದಿದ್ರ ಕುಂತ ಬೈರಿ,” ಅಂದಳು.

ರುಕ್ಮವ್ವ ಒಳಗೆ ಕಾಲಿಡಹೋಗಿ ನಿಂತಳು. ಕೆಳಗೆ ನೋಡಿದಳು. “ಇದ ನಿಮ್ಮ ಐಗಳಿ ಹೊಸ್ತಿಲ ಹೌದಲ್ಲ?”

“ಗುರ್ತ ಹಿಡದ್ರ್ಯಾ?”

“ಹಿಡೀದೇನ? ಹುಡುಗೀನ ನೋಡಾಕ ಬಂದಾಗ ಇದಕ್ಕs ಎಡವಿ ಉಗುರ ಕಿತ್ತಿತ್ತ. ನೋಡ್ರಿಲ್ಲೆ, ಇನ್ನೂ ನೆಟ್ಟಗ ಬಂದಿಲ್ಲ.” ಕಾಲ ಬೆರಳು ತೋರಿಸಿದಳು. ಆಮೇಲೆ ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋಗಿ ಗೌರಾಳ ಹೊರಸಿನ ಹತ್ತಿರ ಕೂತಳು. ಆ ಮೇಲೆ ಬೈಗುಳ ಎಲ್ಲಿ ಹೋಯಿತೋ. ಅವತ್ತಿನಿಂದ ದಿನ ಬಿಟ್ಟು ದಿನ ಭೋಜದಿಂದ ತರಕಾರಿ ಬಂತು.

ಜಿನಮತಿ ಡಾಕ್ಟರು ತಮ್ಮ ಕಾಲೇಜಿನ ಗುರುಗಳ ಜೊತೆ ಒಂದು ಅಧ್ಯಯನ ನಡೆಸಿದ್ದರು. ಹೊಟ್ಟೆಯಲ್ಲಿದ್ದಾಗ ಮಾಸಿನ ಚಿತ್ರ ತೆಗೆಯುವುದು, ಹೆರಿಗೆಯಾದ ಮೇಲೆ ಅದೇ ಮಾಸನ್ನು ತೂಗಿ ಅಳೆದು, ಚಿತ್ರದಲ್ಲಿ ಕಂಡದ್ದು ನಿಜವೇ ಎಂದು ತಾಳೆ ನೋಡುವುದು. ಯಾವ ಮಾಸು ಕೂಸನ್ನು ಚೆನ್ನಾಗಿ ಸಾಕುತ್ತದೆ, ಯಾವುದು ಸೊರಗಿಸುತ್ತದೆ ಎಂದು ಮೊದಲೇ ತಿಳಿಯಬೇಕು ಎಂಬುದು ಅವರ ಹಟ. ಬಂದ ಹೆಂಗಸರನ್ನೆಲ್ಲ, “ಮಿಸ್ರಿ ಹಚ್ಚತೀರೇನು?” ಎಂದು ಕೇಳುತ್ತಿದ್ದರು. ತಂಬಾಕು ಸುಟ್ಟ ಪುಡಿಯನ್ನು ಹಲ್ಲಿಗೆ ಉಜ್ಜುವ ಚಟ ನಮ್ಮ ಕಡೆ ಮನೆಮನೆಗೂ ಉಂಟು, ಗೌರಾಳಿಗೂ ಇತ್ತು. ಅದರ ವಿಷ ಮಾಸಿಗೆ ಹೋಗುತ್ತದೆ ಎಂದು ಬಿಡಿಸಿದರು. ಅಕ್ಕ ಮಗಳ ಡಬ್ಬಿ ಚೆಲ್ಲಿದಳು. ತನ್ನ ಡಬ್ಬಿಯನ್ನು ಮಾತ್ರ ಎಮ್ಮೆಯ ಮೇವಿನಲ್ಲಿ ಅಡಗಿಸಿ, ದಿನಾ ಮುಂಜಾನೆ ಗೋಡೆಯ ಹಿಂದೆ ಹೋಗಿ ಬರುತ್ತಿದ್ದಳು.

ಎರಡನೆಯ ಸಲ ಚಿತ್ರ ತೆಗೆದಾಗಲೂ ಮಾಸು ಅಲ್ಲೇ ಇತ್ತು. ಕೆಲವರದ್ದು ಬಸಿರು ಬೆಳೆದಂತೆ ಮೇಲೆ ಸರಿಯುತ್ತದಂತೆ; ಗೌರಾಳದ್ದು ಸರಿಯಲಿಲ್ಲ. ಡಾಕ್ಟರು ಅಕ್ಕನನ್ನು ಕೂರಿಸಿಕೊಂಡು, ಹೆರಿಗೆಯಾದ ಮೇಲೆ ಮಾಸು ತಮಗೆ ಬೇಕು ಅಂದರು.

“ಅದು ಆಗೂದಿಲ್ರಿ,” ಅಂದಳು ಅಕ್ಕ. “ಕೂಸಿನ ಜೋಡಿ ಬಂದದ್ದು ತವರಿನ ಮಣ್ಣಿಗಿ ಹೋಗಬೇಕು. ಬಾಟ್ಲ್ಯಾಗ ಹಾಕಿ ಇಡಾಕ ಕೊಡೂದಿಲ್ಲ.”

“ತೂಕ ಮಾಡಿ, ಅಳದು, ಫೋಟೋ ತಗದು ಅವತ್ತs ತಿರುಗಿ ಕೊಡ್ತೇನಿ.”

“ಪೂರಾ?”

“ಉಗುರಿನಷ್ಟು ಒಂದ ತುಣುಕು ಇಟ್ಕೋತೇನಿ.”

ಬಳೆಗಾರನ ಮುಂದೆ ಕೂತವಳ ಹಾಗೆ ಅಕ್ಕ ಕಾಲು ಮಡಚಿ ಗಟ್ಟಿಯಾಗಿ ಕೂತಳು. “ಯಾರ ಉಗುರ್ರಿ? ನಿಮ್ಮದೋ, ಇವಂದೋ?” ಎಂದು ನನ್ನ ಕೈ ಎಳೆದು ಹೆಬ್ಬೆರಳು ತೋರಿಸಿದಳು. ಟ್ರ್ಯಾಕ್ಟರ್ ಬಿಚ್ಚುವ ಕೈ ನನ್ನದು, ಉಗುರು ಆಮೆಯ ಬೆನ್ನಿನ ಹಾಗಿದೆ. ಡಾಕ್ಟರು ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. “ನಂದs ಬಾಯಿ, ನನ್ನ ಕಿರಿಬೆರಳಿಂದು.”

“ಹಂಗಾರ ಆತು. ಆದ್ರ ಮೊದಲ ನನ್ನ ಮಗಳು, ಕೂಸು. ಆಮ್ಯಾಲ ನಿಮ್ಮ ತೂಕ.”

“ಆ ಮಾತ ನೀವು ಹೇಳಬೇಕೇನ್ರಿ?” ಅಂದರು ಡಾಕ್ಟರು.

ಶಿವರಾತ್ರಿ ಮುಗಿದು ಬಿಸಿಲು ಬಲಿತಿತ್ತು. ನಾನು ಊರಿನಿಂದ ಜೋಳದ ಚೀಲ ಕೊಡಲು ನಿಪ್ಪಾಣಿಗೆ ಹೋಗಿದ್ದೆ. ಮಧ್ಯಾಹ್ನ ಅಕ್ಕ ರೊಟ್ಟಿ ಬಡಿಯುತ್ತಿದ್ದಳು, ನಾನು ಎಮ್ಮೆಗೆ ನೀರು ತೋರಿಸುತ್ತಿದ್ದೆ. ಒಳಗಿನಿಂದ ಗೌರಾ “ಅವ್ವಾ” ಎಂದಳು. ಅಷ್ಟೇ. ಕೂಗಲಿಲ್ಲ, ಚೀರಲಿಲ್ಲ. ಹೋಗಿ ನೋಡಿದರೆ ಹೊರಸಿನ ನುಲಿಯ ಸಂದಿಯಿಂದ ರಕ್ತ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಹೊರಸು ಸಮೇತ ಎತ್ತಿದೆವು. ನಾನು, ನೇಮಿನಾಥ ಶೇಠರು, ಅಂಗಡಿಗೆ ಬಂದಿದ್ದ ಇಬ್ಬರು ಗಿರಾಕಿಗಳು. ಅಂಗಳ ದಾಟಿದರೆ ದವಾಖಾನೆಯ ಹಿಂಬಾಗಿಲು. ನಾವು ಒಳಗೆ ಇಳಿಸುವಷ್ಟರಲ್ಲಿ ಡಾಕ್ಟರು ಕೈ ತೊಳೆದುಕೊಂಡು ನಿಂತಿದ್ದರು. ಇಂಥ ದಿನಕ್ಕೆಂದೇ ನನ್ನ ಮತ್ತು ಅಣ್ಣಾಸಾಬನ ರಕ್ತ ಮೊದಲೇ ನೋಡಿಟ್ಟಿದ್ದರು; ನನ್ನದು ಹೊಂದಿತ್ತು. ಮಲಗಿಸಿ ಬಾಟಲಿ ತುಂಬಿಸಿಕೊಂಡರು. ಮಲಗಿದಲ್ಲಿಂದ ನನಗೆ ಕಾಣುತ್ತಿದ್ದುದು ಕಿಟಕಿ, ಕಿಟಕಿಯ ಹೊರಗೆ ಮೆಟ್ಟಿಲು, ಮೆಟ್ಟಿಲ ಮೇಲೆ ಅಕ್ಕನ ಬೆನ್ನು. ಕೈಗೆ ಹತ್ತಿದ ಹಿಟ್ಟು ಒಣಗಿ ಬಿರಿದಿತ್ತು, ತೊಳೆದುಕೊಂಡಿರಲಿಲ್ಲ. ಅವಳು ಸುಮ್ಮನೆ ಕೂತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ಕೂಸು ಅತ್ತಿತು. ಸಣ್ಣ ದನಿ, ಬೆಕ್ಕಿನ ಮರಿಯ ಹಾಗೆ. ಆದರೂ ಅಕ್ಕ ಎದ್ದು ನಿಲ್ಲಲಿಲ್ಲ. ಇನ್ನೊಬ್ಬಳ ಸುದ್ದಿ ಬರಬೇಕಿತ್ತು. ನಮ್ಮವ್ವ ಹೋದ ದಿನವೂ ಕೂಸು ಅತ್ತಿತ್ತಲ್ಲ; ಆ ಕೂಸು ನಾನು.

ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಗೆ ಬಂದು ಅವಳ ಪಕ್ಕ ಮೆಟ್ಟಿಲ ಮೇಲೇ ಕೂತುಬಿಟ್ಟರು. “ಇಬ್ಬರೂ ಅದಾರ ಬಾಯಿ. ರಕ್ತ ನಿಂತೈತಿ. ಹೆಣ್ಣು ಕೂಸು, ಸ್ವಲ್ಪ ಸಣ್ಣದೈತಿ, ಗಟ್ಟಿ ಐತಿ.”

ಅಕ್ಕ ಅವರ ಮುಖವನ್ನೇ ನೋಡಿದಳು. “ಐಗಳಿಗಿ ಹೋಗಿದ್ದರ?”

ಡಾಕ್ಟರು ಇಲ್ಲವೆಂಬಂತೆ ತಲೆ ಅಲ್ಲಾಡಿಸಿದರು.

ಅಕ್ಕ ಒಮ್ಮೆಲೇ ಎದ್ದಳು. “ಯವ್ವಾ! ರೊಟ್ಟಿ ಹಂಚಿನ ಮ್ಯಾಲs ಬಿಟ್ಟ ಬಂದೇನಿ!” ಎಂದು ಸೀರೆ ಎತ್ತಿಕಟ್ಟಿ ಓಡಿದಳು. ಆ ರೊಟ್ಟಿ ಇದ್ದಿಲಾಗಿ ಎಷ್ಟು ಹೊತ್ತಾಗಿತ್ತೋ. ನಾನು ಕೈಗೆ ಹತ್ತಿ ಒತ್ತಿಕೊಂಡು ಖೋಲಿಗೆ ಹೋದರೆ, ಅವಳು ಆ ಕರಿ ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು, ಹೊಸ್ತಿಲ ಒಳಗೆ ಕೂತು, ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. “ಲಗಮ್ಯಾ, ಅವ್ವಗ ಈ ಮಶೀನ್ ಇದ್ದಿದ್ದರ,” ಅಂದಳು. ಆಮೇಲೆ ನನ್ನ ಕಡೆ ನೋಡಿ, “ಸೊರಗಿದಿ ನೋಡು, ಹಾಲ ಕುಡಿ ಬಾ,” ಎಂದು ಎದ್ದಳು.

ಹೊತ್ತು ಇಳಿಯುವ ಮೊದಲು ಡಾಕ್ಟರು ಮಾತಿನಂತೆ ಮಾಸನ್ನು ಗಡಿಗೆಯಲ್ಲಿ ಹಾಕಿ ಕೊಟ್ಟರು. ಚಿತ್ರದಲ್ಲಿ ಎಲ್ಲಿ ಕಂಡಿತ್ತೋ ಅಲ್ಲೇ ಇತ್ತು ಎಂದು ಅವರ ಮುಖ ಅರಳಿತ್ತು. ಈಗ ಅದನ್ನು ಹೂಳುವುದು ಎಲ್ಲಿ? ಐಗಳಿ ಬಹಳ ದೂರ. ಅಕ್ಕ ಗಡಿಗೆ ಹಿಡಿದು ನೇಮಿನಾಥ ಶೇಠರ ಮುಂದೆ ನಿಂತಳು. “ಶೇಠಜಿ, ನಿಮ್ಮ ಹಿತ್ತಲದಾಗ ನನಗ ಒಂದ ಮೊಳ ಐಗಳಿ ಬೇಕ್ರಿ.”

ಶೇಠರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ತಲೆ ಕೆರೆದುಕೊಂಡು, “ಬಾವಿ ಕಡೆ ಬ್ಯಾಡ್ರಿ. ಆ ಕಡೆ ಎಲ್ಲಿ ಬೇಕಾದ್ರೂ ಅಗೀರಿ,” ಅಂದರು. ಅರಿಸಿನ, ಉಪ್ಪು, ಬೇವಿನ ಸೊಪ್ಪು ಹಾಕಿ ಹೂಳಿದೆವು. ಮಣ್ಣು ಮುಚ್ಚಿದ ಮೇಲೆ ಶೇಠರು ಅಂಗಡಿಯಿಂದ ಬೆಲ್ಲದ ಅಚ್ಚು ತಂದು ಒಡೆದು ಹಂಚುತ್ತ, “ಈಗ ನಾ ಏನ ಆದ್ನಿ ಬಾಯಿ?” ಎಂದು ಕೇಳಿದರು.

“ಏನಾಗೂದು, ಗೌರಾಗ ಸೋದರಮಾವ ಆದ್ರಿ. ಇನ್ನ ವರ್ಷಾ ಕುಪ್ಪಸ ಕೊಡಬೇಕು, ತಪ್ಪಿಸಿಕೊಳ್ಳಾಕ ಬರೂದಿಲ್ಲ.”

ಗಾಯ ಮಾಗಿ, ಕೂಸು ಮೈ ತುಂಬಿಕೊಂಡ ಮೇಲೆ ರುಕ್ಮವ್ವ ಬಂದು ಸೊಸೆಯನ್ನೂ ಮೊಮ್ಮಗಳನ್ನೂ ಭೋಜಕ್ಕೆ ಕರೆದುಕೊಂಡು ಹೋದಳು. ಗೌರಾ ಅಲ್ಲಿಯ ಹೊಸ್ತಿಲನ್ನು ಕೂಸನ್ನು ಎತ್ತಿಕೊಂಡೇ ದಾಟಿದಳು. ನಾನು ಮರುದಿನ ಟ್ರ್ಯಾಕ್ಟರ್ ತಂದೆ. ಹೊರಸು, ಹಂಡೆ, ಬೀಸುವ ಕಲ್ಲು ಹೇರಿ, ಎಮ್ಮೆ ಹತ್ತಿಸಿ, ಹಾರೆ ತೆಗೆದುಕೊಂಡು ಹೊಸ್ತಿಲು ಕೀಳಲು ಬಗ್ಗಿದೆ.

ಆಗ ಅಂಗಳದಲ್ಲಿ ಒಬ್ಬ ಬಸುರಿ ಹೆಂಗಸು, ಅವಳ ತಾಯಿ ಬಂದು ನಿಂತರು. ಹಸಿರು ಸೀರೆ, ಹಸಿರು ಬಳೆ, ಕುಬಸವಾಗಿ ಹೊರಟವರು. ಕೈಯಲ್ಲಿ ಅದೇ ಅಂಗೈಯಷ್ಟು ಕಪ್ಪು ಬಿಳಿ ಚಿತ್ರ. ತಾಯಿ ಅಳುತ್ತಿದ್ದಳು. “ಡಾಕ್ಟರಬಾಯಿ ನಿಮ್ಮನ್ನ ಕೇಳ ಅಂದ್ರು. ಮಾಸು ಅಡ್ಡ ಐತಂತ. ಹಿಂದ ಹೋಗಾಕ ಬರೂದಿಲ್ಲ, ಮುಂದ ಹೋಗಬ್ಯಾಡ ಅಂತಾರ...”

ಅಕ್ಕ ನನ್ನ ಕೈಯ ಹಾರೆಯನ್ನು ನೋಡಿದಳು. “ಕೆಳಗಿಡು ಅದನ್ನ.”

“ಮತ್ತ ಇದು?”

“ಎಮ್ಮಿ ಒಯ್ಯಿ. ಹೊರಸ, ಹಂಡೆ ಎಲ್ಲಾ ಇಳಸು. ಹೊಸ್ತಿಲ ಇರಲಿ.” ಆ ಹುಡುಗಿಯ ಕಡೆ ತಿರುಗಿದಳು. “ಯಾವೂರವ್ವ ತವರಮನಿ?”

“ರಾಯಬಾಗರಿ.”

“ಬಲಗಾಲ ಇಟ್ಟ ಒಳಗ ಬಾ. ಇದು ರಾಯಬಾಗ ನೋಡು.”

ಅಂಕಲಿಯಲ್ಲಿ ಚಹಾಕ್ಕೆ ನಿಲ್ಲಿಸಿದೆ. ಅಂಗಡಿಯವ ಟ್ರೇಲರಿನೊಳಗೆ ಇಣುಕಿದ. “ಏನ್ ಮಾಮಾ, ಮನಿ ತಿರುಗಿ ಬಂತೇನ?”

“ಎಮ್ಮಿ ಅಷ್ಟs ಬಂದೈತಿ,” ಅಂದೆ. “ಮನಿ ಅಲ್ಲೇ ಕೆಲಸಕ್ಕ ನಿಂತೈತಿ.”